ಅಪ್ಪ ಬಂದರೆ ಉಸಿರು ಕಟ್ಟುತ್ತಿತ್ತು

1974ರ ಡಿಸೆಂಬರಿನ ಒಂದು ದಿನ, ಬೆಳಕು ಹರಿಯುವ ಮೊದಲು, ದೇವದುರ್ಗದ ನಮ್ಮ ಮನೆಯಲ್ಲಿ ನನಗೆ ಮೊದಲ ಸಲ ಉಬ್ಬಸ ಬಂತು. ಆಗ ನನಗೆ ಒಂಬತ್ತು ವರ್ಷ. ಮನೆಯಲ್ಲಿ ಅಪ್ಪ, ಅವ್ವ, ನಾನು ಮೂವರೇ. ಅಪ್ಪ ಹುಸೇನಸಾಬ ಪಿಂಜಾರ. ಅರಳೆ ಹಿಂಜಿ ಗಾದಿ, ರಜಾಯಿ, ತಲೆದಿಂಬು ಹೊಲಿಯುವುದು ಅವನ ಕೆಲಸ.

ಆ ಬೆಳಗಿನ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಅವ್ವ ಹೇಳಿದ್ದು. ನಾನು ಎದ್ದು ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದೆ, ತುಟಿ ನೀಲಿಗಟ್ಟಿತ್ತು, ಹೆಸರು ಹಿಡಿದು ಕರೆದರೂ ಓ ಅನ್ನಲಿಲ್ಲ. ಇವು ಅವಳ ಮಾತು. ನನ್ನ ನೆನಪಿನಲ್ಲಿರುವುದು ಒಂದು ಸಣ್ಣ ಸಿಳ್ಳು. ಯಾರೋ ದೂರದ ಹೊಲದಲ್ಲಿ ಕೂತು ಊದುತ್ತಿದ್ದಾರೆ ಎಂದುಕೊಂಡು ಅದನ್ನೇ ಕೇಳುತ್ತ ಕುಳಿತಿದ್ದೆ. ನಾನು ಉಸಿರು ಬಿಟ್ಟಾಗ ಅದು ಬರುತ್ತಿತ್ತು, ಎಳೆದುಕೊಂಡಾಗ ನಿಲ್ಲುತ್ತಿತ್ತು. ಅದು ನನ್ನ ಎದೆಯೊಳಗಿನದು ಎಂದು ಗೊತ್ತಾಗಲು ಬಹಳ ಹೊತ್ತು ಹಿಡಿಯಿತು. ಗೊತ್ತಾದ ಮೇಲೆ ಹೆದರಿದೆ.

ಅಪ್ಪ ನನ್ನನ್ನು ಹೊತ್ತು ದವಾಖಾನೆಗೆ ಓಡಿದ. ಸೂಜಿ ಹಾಕಿದರು. ಕೈ ನಡುಗಿತು, ಎದೆ ಡವಡವ ಹೊಡೆದುಕೊಂಡಿತು, ಸ್ವಲ್ಪ ಹೊತ್ತಿಗೆ ಗಾಳಿ ಒಳಗೆ ಬಂತು. ಗಾಳಿಗೆ ರುಚಿಯಿದೆ ಎಂದು ನನಗೆ ಅವತ್ತು ತಿಳಿಯಿತು. ಬಾವಿಯಿಂದ ಆಗಷ್ಟೇ ಸೇದಿದ ನೀರಿನ ರುಚಿ.

‘ದಮ್ಮು,’ ಅಂದರು ಸೂಜಿ ಹಾಕಿದವರು. ‘ಥಂಡಿ ಆಗದಂಗ ನೋಡ್ಕೋರಿ.’

ಥಂಡಿಯಾಗದಂತೆ ನೋಡಿಕೊಳ್ಳುವುದು ಅಪ್ಪನಿಗಿಂತ ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಊರಿಗೆಲ್ಲ ಬೆಚ್ಚಗೆ ಹೊದಿಸುತ್ತಿದ್ದವನು ಅವನು.

ನಮ್ಮ ಮನೆಗೆ ಎರಡೇ ಖೋಲಿ. ಹೊರಗಿನದರಲ್ಲಿ ಜಂತಿಯಿಂದ ಹಗ್ಗ ಕಟ್ಟಿ ಬಿಲ್ಲು ತೂಗುಬಿಟ್ಟಿತ್ತು. ಆಳುದ್ದದ ಮರದ ಬಿಲ್ಲು, ಅದಕ್ಕೆ ನರದ ಹೆದೆ. ಅಪ್ಪ ಹೆದೆಯನ್ನು ಅರಳೆಯ ಗುಡ್ಡೆಗೆ ತಾಗಿಸಿ ಮರದ ಕೊಡತಿಯಿಂದ ಮೀಟಿದರೆ ಝಂಯ್ ಎಂಬ ಸದ್ದು ಗೋಡೆಗಳಿಗೆಲ್ಲ ಹರಡುತ್ತಿತ್ತು. ಅರಳೆ ಎಳೆಎಳೆಯಾಗಿ ಮೇಲೆದ್ದು ನಿಧಾನ ಇಳಿಯುತ್ತಿತ್ತು. ಬಾಗಿಲ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಅದರ ಧೂಳು ಮಧ್ಯಾಹ್ನವಿಡೀ ತೇಲುತ್ತಿತ್ತು, ಕೆಳಗೆ ಬೀಳಲು ಮನಸ್ಸಿಲ್ಲವೆಂಬಂತೆ. ಅವ್ವನ ಹುಬ್ಬಿನ ಮೇಲೆ, ರೊಟ್ಟಿಬುಟ್ಟಿಯ ಮೇಲೆ, ನನ್ನ ಪುಸ್ತಕದ ಮೇಲೆ ತೆಳ್ಳಗೆ ಬಿಳಿ ಕೂತಿರುತ್ತಿತ್ತು. ನಾನು ಅದರ ಕೆಳಗೆ ಅಂಗಾತ ಮಲಗಿ ಬಾಯಿ ತೆರೆದು ನೋಡುತ್ತಿದ್ದೆ.

ಚಳಿಗಾಲದಲ್ಲಿ ಜನ ಹಳೆಯ ಗಾದಿಗಳನ್ನು ಹೊತ್ತು ತರುತ್ತಿದ್ದರು. ಒಳಗಿನ ಅರಳೆ ಗಂಟುಗಂಟಾಗಿ ಕಲ್ಲಿನಂತಾಗಿರುತ್ತಿತ್ತು.

‘ಇದು ಬರೀ ಅರಳಿ ಅಲ್ಲವ್ವಾ,’ ಅಪ್ಪ ಹೇಳುತ್ತಿದ್ದ. ‘ಮಂದಿ ನಿದ್ದಿ. ವರ್ಷಗಟ್ಟಲೆ ಮಲಗಿ ಮಲಗಿ ನಿದ್ದಿ ಗಟ್ಟಿ ಆಗಿರ್ತದ. ಹೊಡದು ಬಿಡಸಬೇಕು.’

ನಾನು ನಂಬಿದ್ದೆ. ಮುದುಕರ ನಿದ್ದೆ, ಬಾಣಂತಿಯರ ನಿದ್ದೆ, ಯಾರದೋ ಜ್ವರದ ನಿದ್ದೆ ನಮ್ಮ ಹೊರಗಿನ ಖೋಲಿಯ ಬಿಸಿಲಿನಲ್ಲಿ ತೇಲುತ್ತಿದೆ, ನಾವು ಅದರಲ್ಲೇ ಓಡಾಡುತ್ತಿದ್ದೇವೆ ಎಂದು.

ನಮ್ಮ ಮನೆತನದಲ್ಲಿ ಒಂದು ರೂಢಿಯಿತ್ತು. ಯಾರಾದರೂ ಕಾಯಿಲೆ ಬಿದ್ದು ಎದ್ದರೆ ಅವರ ತಲೆದಿಂಬು ಬಿಚ್ಚಿ, ಹಳೆಯ ಅರಳೆ ತೆಗೆದು, ಬೇರೆ ಅರಳೆ ಹಿಂಜಿ ತುಂಬಿ ಹೊಲಿಯಬೇಕು. ರೋಗ ದಿಂಬಿನಲ್ಲಿ ಉಳಿಯಬಾರದು. ಅಪ್ಪ ಆ ದಿನವೇ ನನ್ನ ದಿಂಬು ಬಿಚ್ಚಿದ. ಗಿರಾಕಿಗಳ ಕೆಲಸ ಬದಿಗಿಟ್ಟು, ನನ್ನ ಹಾಸಿಗೆಯ ಪಕ್ಕದಲ್ಲೇ ಕೂತು, ಚಿಕ್ಕ ಬಿಲ್ಲಿನಿಂದ ಹಿಂಜಿದ. ‘ಮಗಳ ದಿಂಬಿಗಿ ಕಸರು ಇರಬಾರದು’ ಎಂದು, ಒಂದು ಗಂಟೂ ಉಳಿಯದಂತೆ ಮತ್ತೆ ಮತ್ತೆ ಹೊಡೆದ. ಮೂರನೆಯ ದಿನ ಮತ್ತೆ ಉಬ್ಬಸ ಬಂತು. ಅಪ್ಪ ಮತ್ತೆ ದಿಂಬು ಬಿಚ್ಚಿದ.

ಆ ಚಳಿಗಾಲ ಹೀಗೆ ಕಳೆಯಿತು. ಉಬ್ಬಸ, ಸೂಜಿ, ದಿಂಬು. ದಿಂಬು, ಉಬ್ಬಸ, ಸೂಜಿ. ಈಗ ಬರೆದು ನೋಡಿದರೆ ಕಣ್ಣಿಗೆ ಹೊಡೆಯುವಂತಿದೆ. ಅದರೊಳಗಿದ್ದಾಗ ನಮಗೆ ಮೂವರಿಗೂ ಕಾಣಲಿಲ್ಲ.

ಮುಂದಿನ ವರ್ಷ ಬೇಸಿಗೆಗೆ ನನ್ನನ್ನು ಮಾನ್ವಿಗೆ, ನಾನಿಯ ಮನೆಗೆ ಕಳಿಸಿದರು. ನಾನಿ ಅಂದರೆ ಅವ್ವನ ತಾಯಿ. ಗಂಡ ತೀರಿದ ಮೇಲೆ ಒಬ್ಬಳೇ ಇದ್ದು, ಬಳೆಯ ಮಲಾರ ಹೊತ್ತು ಮಾರುತ್ತ ಓಣಿ ಓಣಿ ತಿರುಗುತ್ತಿದ್ದಳು. ಅವಳ ಮಾತಿನಲ್ಲಿ ದಖ್ಖಣಿ ಮತ್ತು ಕನ್ನಡ ಒಂದೇ ಸೆರಗಿನ ಎರಡು ಅಂಚಿನಂತೆ ಬರುತ್ತಿದ್ದವು. ಅವಳ ಮನೆಯಲ್ಲಿ ಗಾದಿ ಇರಲಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಹಾಸಿ ಮಲಗುತ್ತಿದ್ದೆವು. ದಿಂಬಿನ ಬದಲು ಮಡಚಿದ ಧೋತರ.

ಮಾನ್ವಿಯಲ್ಲಿ ನನಗೆ ಉಸಿರು ಬಂತು. ತಿಂಗಳುಗಟ್ಟಲೆ ಸಿಳ್ಳು ಕೇಳಲಿಲ್ಲ. ನಾನಿಯ ಹಿಂದೆ ಬಳೆಯ ಸದ್ದು ಕೇಳುತ್ತ ನಡೆದೆ, ಕಾಲುವೆಯ ದಂಡೆಯಲ್ಲಿ ಓಡಿದೆ. ಭತ್ತದ ಗದ್ದೆಯ ಮೇಲಿಂದ ಬರುವ ಗಾಳಿಯನ್ನು ಎದೆ ತುಂಬ ಎಳೆದುಕೊಂಡು ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಎಂದು ಪಂದ್ಯ ಕಟ್ಟಿಕೊಳ್ಳುತ್ತಿದ್ದೆ, ನನ್ನ ಜೊತೆ ನಾನೇ. ನಾನಿ ‘ಮಾನ್ವಿ ನೀರು ಹಿಡಸ್ತು’ ಅಂದಳು. ನನ್ನನ್ನು ಅಲ್ಲಿಯ ಶಾಲೆಗೇ ಸೇರಿಸಿದರು.

ಅಪ್ಪ ನೋಡಲು ಬಂದ. ದೇವದುರ್ಗದ ಬಸ್ಸಿನಿಂದ ಇಳಿದು ಓಣಿಯ ತುದಿಯಲ್ಲಿ ಕಾಣಿಸಿಕೊಂಡಾಗಲೇ ಕಂಕುಳಲ್ಲಿ ಬಿಳಿಯದು ಇತ್ತು. ಹೊಸ ತಲೆದಿಂಬು. ಪಿಂಜಾರನ ಮಗಳು ಮಡಚಿದ ಧೋತರದ ಮೇಲೆ ತಲೆಯಿಟ್ಟು ಮಲಗುತ್ತಾಳೆಂಬ ಸುದ್ದಿ ಅವನಿಗೆ ಮುಟ್ಟಿತ್ತು.

‘ಮಾಬುನ್ನಿ, ಇದರ ಮ್ಯಾಲ ತಲಿ ಇಟ್ಟು ನೋಡವ್ವಾ,’ ಅಂದ. ‘ಮೋಡದ ಮ್ಯಾಲ ಮಲಗಿದಂಗ ಆಗ್ತದ.’

ಹಾಗೇ ಆಯಿತು. ಅವನ ಅಂಗಿಯಿಂದ ನಮ್ಮ ಮನೆಯ ವಾಸನೆ ಬರುತ್ತಿತ್ತು. ಅವನ ತೊಡೆಗೆ ತಾಗಿ, ಆ ದಿಂಬಿನ ಮೇಲೆ ನಿದ್ದೆ ಹೋದೆ. ಬೆಳಗಿನ ಜಾವ ದೂರದ ಹೊಲದಲ್ಲಿ ಯಾರೋ ಸಿಳ್ಳು ಊದಲು ಸುರು ಮಾಡಿದರು.

ಎರಡನೆಯ ಸಲ ಅಪ್ಪ ಬಂದಾಗಲೂ ಹಾಗೇ ಆಯಿತು. ಮೂರನೆಯ ಸಲವೂ. ಅವನು ಹೋದ ಮೇಲೆ ನಾನಿ ದಿಂಬನ್ನು ತೊಳೆದಿಟ್ಟ ಅರಿವೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದಳು, ಮೈಲಿಗೆಯಾಗದಿರಲಿ ಎಂದು. ನಾನು ಚೇತರಿಸಿಕೊಳ್ಳುತ್ತಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಯಾರೂ ಅಂದುಕೊಳ್ಳಲಿಲ್ಲ. ನಾನಿ ಬೇರೆಯದೇ ಸಂಬಂಧ ಹುಡುಕಿದಳು.

ಒಂದು ಮುಂಜಾನೆ ಉಪ್ಪು ಮೆಣಸಿನಕಾಯಿ ನನ್ನ ಸುತ್ತ ಇಳಿದೆಗೆದು ಒಲೆಗೆ ಹಾಕಿದಳು. ಘಾಟು ಬಂದರೆ ಏನೂ ಇಲ್ಲ. ಬರದಿದ್ದರೆ ದೃಷ್ಟಿಯಾಗಿದೆ ಎಂದು ಅರ್ಥ. ಘಾಟು ಬರಲಿಲ್ಲ ಎಂದು ನಾನಿ ಹೇಳಿದಳು. ನನ್ನ ಮೂಗು ಕಟ್ಟಿತ್ತು, ಬಂತೋ ಇಲ್ಲವೋ ನಾನು ಹೇಳಲಾರೆ.

‘ನಜರ್ ಆಗ್ಯದ,’ ಅಂದಳು. ‘ಯಾರದಂತ ನನಗ ಗೊತ್ತದ.’

ಅವತ್ತು ಅಪ್ಪ ಅಲ್ಲೇ ಇದ್ದ. ರೊಟ್ಟಿ ತಿನ್ನುತ್ತಿದ್ದವನು ತಲೆಯೆತ್ತಿದ.

‘ಹೇಳಿದ್ರ ಸಿಟ್ಟಾಗಬ್ಯಾಡ ಬೇಟಾ,’ ನಾನಿ ಅಂದಳು. ‘ನೀ ಇಲ್ಲದಾಗ ಪೋರಿ ಹರಣಿಮರಿ ಆದಂಗ ಓಡ್ಯಾಡತದ. ನೀ ಬಂದ ದಿನ ಉಸರು ಕಟ್ಟತದ. ವೈರಿ ಕಣ್ಣಿಗಿಂತ ಹಡದವರ ಕಣ್ಣು ಜೋರು. ನೀ ಹಂಗ ನೋಡತಿ ಅದನ್ನ, ನುಂಗೋವರಂಗ.’

‘ನಾ ಮಗಳ್ನ ನೋಡಬಾರದಾ?’

‘ನೋಡು. ಅಷ್ಟು ನೋಡಬ್ಯಾಡ.’

ಅಪ್ಪ ರೊಟ್ಟಿಯ ತಟ್ಟೆ ಬದಿಗೆ ಸರಿಸಿದ. ಆಮೇಲೆ ಎದ್ದು, ಗೋಡೆಗೆ ಮುಖ ಮಾಡಿ, ನನಗೆ ಬೆನ್ನು ತಿರುಗಿಸಿ ಕುಳಿತ.

‘ಸಾಲ್ಯಾಗ ಏನ್ ಕಲಿಸಿದ್ರವ್ವಾ?’ ಎಂದು ಗೋಡೆಯನ್ನು ಕೇಳಿದ.

ನಾನು ಮಗ್ಗಿ ಒಪ್ಪಿಸಿದೆ. ಅವನ ಬೆನ್ನಿಗೆ. ಅವನ ಕಿವಿಯ ಹಿಂದೆ ಒಂದು ಎಳೆ ಅರಳೆ ಅಂಟಿಕೊಂಡಿತ್ತು. ಉಸಿರು ಸಾಲದೆ ನಡುನಡುವೆ ನಿಲ್ಲಿಸಿದೆ. ನಾನು ನಿಲ್ಲಿಸಿದಾಗಲೆಲ್ಲ ಅವನ ಬೆನ್ನು ಗಟ್ಟಿಯಾಗುತ್ತಿತ್ತು. ಅದಾದ ಮೇಲೆ ಅಪ್ಪ ಮಾನ್ವಿಗೆ ಬರುವುದನ್ನು ನಿಲ್ಲಿಸಿದ.

ಅವ್ವ ಬರುತ್ತಿದ್ದಳು. ಒಂದು ದಿನವಿದ್ದು ಹೋಗುತ್ತಿದ್ದಳು. ಅಪ್ಪ ಮಾತ್ರ ಜಾಲಹಳ್ಳಿ, ಮಸರಕಲ್ ಕಡೆ ಬಿಲ್ಲು ಹೆಗಲಿಗಿಟ್ಟುಕೊಂಡು ಊರೂರು ತಿರುಗುತ್ತಿದ್ದಾನೆ, ಮನೆಯಲ್ಲಿ ನಿಲ್ಲುವುದೇ ಇಲ್ಲ ಎಂದು ಅವಳು ಹೇಳಿದಳು. ನನಗೆ ಉಸಿರು ಚೆನ್ನಾಗಿತ್ತು. ಉಸಿರು ಚೆನ್ನಾಗಿರುವುದಕ್ಕೆ ನಾಚಿಕೆಯಾಗುತ್ತಿತ್ತು. ನಿದ್ದೆಯ ಅಂಚಿನಲ್ಲಿ ಝಂಯ್ ಎಂಬ ಸದ್ದು ಕೇಳಿ ಎದ್ದು ಬಾಗಿಲಿಗೆ ಬರುತ್ತಿದ್ದೆ. ಹೊರಗೆ ಗದ್ದೆಯ ಕಪ್ಪೆಗಳು.

ಚಳಿ ಬೀಳುವ ಹೊತ್ತಿಗೆ ದೇವದುರ್ಗದಿಂದ ಬರುವ ಬಸ್ಸಿನ ಕಂಡಕ್ಟರ ಒಂದು ಗಂಟು ತಂದುಕೊಟ್ಟ. ‘ಹುಸೇನಸಾಬ ಕೊಟ್ಟಾನ್ರಿ. ದಾರಿಯೊಳಗ ನಾನs ಸ್ವಲ್ಪ ತಲಿ ಇಟ್ಟಿದ್ದೆ, ಸಿಟ್ಟಾಗಬ್ಯಾಡ್ರಿ, ಭಾಳ ಮೆತ್ತಗ ಅದ,’ ಅಂದ. ತಾನು ಬರಲಾಗದ ಅಪ್ಪ ದಿಂಬು ಕಳಿಸಿದ್ದ. ನಾನು ಅದನ್ನು ತಬ್ಬಿಕೊಂಡು ಮುಖ ಒತ್ತಿ ಮಲಗಿದೆ. ಮರುದಿನ ಸಿಳ್ಳು ಬಂತು.

ಅಪ್ಪ ಇಲ್ಲದೆ ಬಂದ ಉಬ್ಬಸಕ್ಕೆ ನಾನಿಯ ಬಳಿ ಉತ್ತರವಿತ್ತು. ‘ಹೊಲಿಯುವಾಗ ದಿಂಬನ್ನ ನೋಡಿರ್ತಾನಲ್ಲ!’

ಅದಕ್ಕೆ ಯಾರೂ ಎದುರಾಡಲಿಲ್ಲ. ನಾನೂ ಆಡಲಿಲ್ಲ. ದಿಂಬು ಬಿಡು ಎಂದು ಯಾರಾದರೂ ಹೇಳಿದ್ದರೂ ನಾನು ಬಿಡುತ್ತಿರಲಿಲ್ಲ. ಚಳಿಗಾಲಕ್ಕೊಮ್ಮೆ ಅಪ್ಪನಿಂದ ನನಗೆ ಬರುತ್ತಿದ್ದದ್ದು ಅದೊಂದೇ.

1977ರ ಚಳಿಗಾಲದಲ್ಲಿ ಬಂದ ಉಬ್ಬಸ ಮಾನ್ವಿಯ ಸೂಜಿಗೆ ಇಳಿಯಲಿಲ್ಲ. ಒಂದು ದಿನ ಪೂರ್ತಿ ಕೂತೇ ಇದ್ದೆ. ಇದನ್ನು ಅನುಭವಿಸಿದವರಿಗೆ ವಿವರಿಸಬೇಕಿಲ್ಲ, ಅನುಭವಿಸದವರಿಗೆ ಇಷ್ಟು ಹೇಳಬಹುದು: ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಎದೆಯೊಳಗೆ ಹಳೆಯ ಗಾಳಿ ತುಂಬಿ ನಿಂತಿರುತ್ತದೆ. ಕಾಲ ಅಗಲವಾಗುತ್ತದೆ. ಎದುರಿನ ಗೋಡೆಯ ಬಿರುಕು ಒಂದು ಹೊಳೆಯಾಯಿತು, ಅದಕ್ಕೆ ದಂಡೆ ಬಂತು, ದಂಡೆಯ ಮೇಲೆ ಬಿಲ್ಲು ಹೊತ್ತ ಒಬ್ಬ ಮನುಷ್ಯ ನಡೆದುಹೋದ. ನಾನು ಕರೆದೆ. ಕರೆಯಲು ಬೇಕಾದ ಗಾಳಿ ನನ್ನಲ್ಲಿರಲಿಲ್ಲ.

ದೇವದುರ್ಗದ ಬಸ್ಸಿನ ಕಂಡಕ್ಟರನ ಕೈಲಿ ಮನೆಗೆ ಸುದ್ದಿ ಕಳಿಸಿ, ನನ್ನನ್ನು ಬಸ್ಸಿನಲ್ಲಿ ರಾಯಚೂರಿಗೆ ಒಯ್ದರು. ನಾನಿಯ ಮಡಿಲಲ್ಲಿ ನಾನು, ನನ್ನ ಮಡಿಲಲ್ಲಿ ದಿಂಬು.

ಅದು ಒಬ್ಬ ವೈದ್ಯೆಯ ಚಿಕ್ಕ ದವಾಖಾನೆ. ಮುಂದೆ ಕಲ್ಲುಬೆಂಚುಗಳ ಪಡಸಾಲೆ, ಒಳಗೆ ನಾಲ್ಕು ಮಂಚ. ವೈದ್ಯೆ ಆಂಧ್ರದ ಕಡೆಯವರು, ಕನ್ನಡವನ್ನು ತೆಲುಗಿನ ರಾಗದಲ್ಲಿ ಆಡುತ್ತಿದ್ದರು. ಎಲ್ಲರೂ ಡಾಕ್ಟರಮ್ಮ ಅನ್ನುತ್ತಿದ್ದರು. ನರಕ್ಕೆ ಸೂಜಿ ಚುಚ್ಚಿ, ಮದ್ದನ್ನು ಬಹಳ ನಿಧಾನವಾಗಿ, ಗೋಡೆಯ ಗಡಿಯಾರ ನೋಡುತ್ತ ಒಳಗೆ ಬಿಟ್ಟರು. ಮೈಯೆಲ್ಲ ಬಿಸಿಯಾಯಿತು, ವಾಂತಿ ಬಂದಂತಾಯಿತು. ಆಮೇಲೆ ಎದೆಯೊಳಗೆ ಯಾರೋ ಒಂದು ಗಂಟು ಬಿಚ್ಚಿದರು.

ಮರುದಿನ ಪಡಸಾಲೆಯ ಬೆಂಚಿನ ಮೇಲೆ ಕೂರಿಸಿದರು, ಬಿಸಿಲು ಬರುತ್ತದೆ ಎಂದು. ಪಕ್ಕದಲ್ಲಿ ಕಂಬಳಿ ಹೊದ್ದ ಮುದುಕಿಯೊಬ್ಬಳು ಮೊಣಕಾಲ ಮೇಲೆ ಮೊಣಕೈ ಊರಿ, ಮುಂದೆ ಬಾಗಿ ಕೂತಿದ್ದಳು. ಅವಳ ಎದೆಯಿಂದಲೂ ಸಿಳ್ಳು ಬರುತ್ತಿತ್ತು, ನನ್ನದಕ್ಕಿಂತ ದಪ್ಪ ದನಿಯಲ್ಲಿ. ಇನ್ನೊಬ್ಬರ ಎದೆಯಲ್ಲಿ ಅದನ್ನು ಕೇಳಿದ್ದು ಅದೇ ಮೊದಲು. ಲೋಕದಲ್ಲಿ ಇದು ನನಗೊಬ್ಬಳಿಗೇ ಇದೆ ಎಂದು ಮೂರು ವರ್ಷ ನಂಬಿದ್ದೆ.

‘ಏನ್ ನೋಡ್ತಿ ಬೇ?’ ಅಂದಳು. ‘ನಿನ್ನ ಪೀಪಿ ಸಣ್ಣದು, ನನ್ನ ಪೀಪಿ ದೊಡ್ಡದು. ಇಬ್ರೂ ಕೂಡಿದ್ರ ಲಗ್ನಕ್ಕ ಕರೀತಾರ.’

ನಗು ಬಂತು. ನಕ್ಕರೆ ಕೆಮ್ಮು ಬಂತು.

‘ಹಿಂಗ ಕುಂದುರು, ನನ್ನಂಗ. ಮುಂದಕ ಬಾಗು. ಹಾಂ. ಈಗ ಬಿಡು, ಬಿಸಿ ಚಾ ಊದಿದಂಗ.’ ಅವಳು ಮಸರಕಲ್ಲಿನ ಕುರಿಗಾರ್ತಿ, ಹೆಸರು ಮಾಳವ್ವ. ‘ಕುರಿಗಿ ದಮ್ಮು ಬಂದ್ರ ಸಂತ್ಯಾಗ ಮಾರಿ ಬಿಡ್ತೀವಿ. ನನ್ನ ಯಾರು ಕೊಳ್ತಾರ? ಮಕ್ಕಳು ಇಲ್ಲಿ ತಂದು ಕಟ್ಯಾರ.’

ಅವಳ ಹಾಗೆ ಕೂತು ಊದಿದೆ. ಇಂದಿಗೂ ಹಾಗೇ ಕೂರುತ್ತೇನೆ.

ಡಾಕ್ಟರಮ್ಮ ಹೊರಗೆ ಬಂದು ನಮ್ಮ ಎದುರು ನಿಂತರು. ಆದರೆ ಅವರ ಕಣ್ಣು ರಸ್ತೆಯ ಮೇಲಿತ್ತು.

‘ಆ ಬೇವಿನ ಗಿಡದ ಕೆಳಗೆ ನಿಂತಿದ್ದಾನಲ್ಲ, ಯಾರಮ್ಮಾ ಆತ? ನಿನ್ನೆಯಿಂದ ನೋಡ್ತಾ ಇದೀನಿ. ಒಳಗೂ ಬರೋದಿಲ್ಲ, ಹೋಗೋದೂ ಇಲ್ಲ. ಈ ಕಡೆ ತಿರುಗೋದೂ ಇಲ್ಲ.’

ನಾನು ನೋಡಿದೆ. ದವಾಖಾನೆಗೆ ಬೆನ್ನು ಮಾಡಿ, ಕಾಂಪೌಂಡಿನ ಆಚೆ, ಚಹಾದಂಗಡಿಯ ಪಕ್ಕದಲ್ಲಿ ಒಬ್ಬ ನಿಂತಿದ್ದ. ಬೆನ್ನು ನೋಡಿದರೆ ಸಾಕಿತ್ತು. ಮಗ್ಗಿ ಒಪ್ಪಿಸಿದ ಬೆನ್ನು ಅದು.

‘ಪೋರಿ ಅಪ್ಪ ರೀ,’ ನನ್ನ ಹಿಂದೆ ನಿಂತಿದ್ದ ನಾನಿ ಮೆಲ್ಲಗೆ ಅಂದಳು.

‘ಅಪ್ಪನಾ? ಮತ್ತೆ ಯಾಕೆ ಅಲ್ಲಿ ನಿಂತಿದ್ದಾನೆ?’

ನಾನಿ ಹೇಳಿದಳು. ಮಾನ್ವಿಯ ನೀರಿನಿಂದ ಸುರುಮಾಡಿ, ಮೆಣಸಿನಕಾಯಿಯ ಘಾಟು, ಹಡೆದವರ ಕಣ್ಣು, ಎಲ್ಲ ಹೇಳಿದಳು. ಮುಗಿದ ಮೇಲೆ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು.

‘ಅವನು ಬರುವಾಗ ಏನು ತರ್ತಾನಮ್ಮಾ?’

‘ಪಿಂಜಾರ ಏನ್ ತರ್ತಾನ್ರೀ,’ ನಾನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ‘ದಿಂಬು.’

ಡಾಕ್ಟರಮ್ಮ ಕೈ ಚಾಚಿದರು. ನಾನು ಮಡಿಲಲ್ಲಿದ್ದ ದಿಂಬನ್ನು ಬಿಗಿಯಾಗಿ ಹಿಡಿದೆ. ‘ಕೊಡು ಪಾಪಾ, ವಾಪಸ್ ಕೊಡ್ತೀನಿ,’ ಅಂದರು. ಅದೊಂದು ಮಾತನ್ನು ಅವರು ಉಳಿಸಿಕೊಳ್ಳಲಿಲ್ಲ. ಬಿಸಿಲು ಬೀಳುವ ಕಡೆಗೆ ಹೋಗಿ, ದಿಂಬನ್ನು ಎತ್ತಿ ಹಿಡಿದು ಅಂಗೈಯಿಂದ ಒಮ್ಮೆ ಹೊಡೆದರು.

ಬಿಸಿಲುಕೋಲಿನಲ್ಲಿ ಧೂಳು ಎದ್ದಿತು. ಎದ್ದು ತೇಲಿತು. ಕೆಳಗೆ ಬೀಳಲು ಅದಕ್ಕೆ ಮನಸ್ಸಿರಲಿಲ್ಲ. ಆ ಕ್ಷಣ ನಾನು ದೇವದುರ್ಗದ ಹೊರಗಿನ ಖೋಲಿಯಲ್ಲಿ ಅಂಗಾತ ಮಲಗಿ ಬಾಯಿ ತೆರೆದು ನೋಡುತ್ತಿದ್ದೆ. ಇಲ್ಲಿ, ಬೆಂಚಿನ ಮೇಲೆ, ಮಾಳವ್ವ ಕೆಮ್ಮತೊಡಗಿದಳು. ಅವಳ ಹಿಂದೆ ನಾನು.

‘ಎಲಾ ಇದರ!’ ಮಾಳವ್ವ ಕಂಬಳಿಯಿಂದ ಮೂಗು ಮುಚ್ಚಿಕೊಂಡಳು. ‘ಡಾಕ್ಟರಮ್ಮಾ, ಅದನ್ನ ದೂರ ಒಯ್ರಿ. ಆ ಮನಷ್ಯಾನ ದೃಷ್ಟಿ ನನಗೂ ತಾಗಾಕತ್ತದ.’

ಡಾಕ್ಟರಮ್ಮ ನಕ್ಕು, ಚಹಾದಂಗಡಿಯವನನ್ನು ಕೂಗಿ ಅಪ್ಪನನ್ನು ಒಳಗೆ ಕಳಿಸಲು ಹೇಳಿದರು. ಅವನು ಗೇಟಿನವರೆಗೆ ಬಂದ, ತಲೆ ತಗ್ಗಿಸಿ ನಿಂತ.

‘ಒಳಗೆ ಬಾರಪ್ಪಾ.’

‘ಬ್ಯಾಡ್ರಿ ಯವ್ವಾ. ಇಲ್ಲೇ ನಿಲ್ತೀನಿ. ಹೆಂಗದಾಳ ಹೇಳಿದ್ರ ಸಾಕು.’

‘ನಿನ್ನ ಕಣ್ಣಿನಿಂದ ಏನೂ ಆಗಿಲ್ಲಪ್ಪಾ. ನಿನ್ನ ಅರಳೆಯ ಧೂಳಿನಿಂದ ಆಗಿದೆ. ಈ ಮಗುವಿಗೆ ಆ ಧೂಳು ಆಗೋದಿಲ್ಲ. ದಿಂಬು ಬೇಡ, ಗಾದಿ ಬೇಡ, ಹಿಂಜೋ ಮನೆ ಬೇಡ. ನೀನು ಬೇಕು.’

ಅಪ್ಪ ತಲೆಯೆತ್ತಿದ. ಒಂದು ಕಾಲು ಗೇಟಿನ ಒಳಗೆ, ಒಂದು ಹೊರಗೆ.

‘ಅಂದ್ರ ನನ್ನ ಕಣ್ಣಲ್ಲ?’

‘ಅಲ್ಲ.’

‘ಕೈಯಿ,’ ಅಂದ. ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ‘ನಾ ಹೊಲಿದದ್ದs ಅಕಿಗಿ…’ ಕೈ ಹಿಂದೆ ಕಟ್ಟಿಕೊಂಡ. ಆಮೇಲೆ ಅಂದ, ‘ಬಿಲ್ಲು ಇಳಸ್ತೀನ್ರಿ. ಇವತ್ತs ಇಳಸ್ತೀನಿ.’

‘ಇಳಿಸಿ ಏನು ತಿಂತೀರಿ?’ ಡಾಕ್ಟರಮ್ಮನ ದನಿ ಗಟ್ಟಿಯಾಯಿತು. ‘ದೃಷ್ಟಿ ಆಗಿದ್ದರೆ ತೊಳೆಯೋಕೆ ಆಗ್ತಿತ್ತಾ? ಇದು ಧೂಳು. ತೊಳೆದರೆ ಹೋಗ್ತದೆ. ತಲೆ ಮೇಲೆ ನೀರು ಹಾಕ್ಕೊ, ಬೇರೆ ಅಂಗಿ ತೊಟ್ಕೊ, ಆಮೇಲೆ ಮಗಳ ಹತ್ತಿರ ಕೂತ್ಕೊ. ಎಷ್ಟು ಹೊತ್ತಾದರೂ ನೋಡು.’

ಅಪ್ಪ ಚಹಾದಂಗಡಿಗೆ ಹೋಗಿ, ಹಿಂದಿನ ನಲ್ಲಿಯ ಕೆಳಗೆ ಕೂತ. ಚಳಿಗಾಲದ ತಣ್ಣೀರು. ಅಂಗಡಿಯವನು ತನ್ನ ಅಂಗಿಯೊಂದನ್ನು ಕೊಟ್ಟ, ಅದು ಅಪ್ಪನಿಗೆ ಮೊಣಕಾಲಿಗೆ ಬರುತ್ತಿತ್ತು. ಒದ್ದೆ ತಲೆಯಲ್ಲಿ, ಯಾರದೋ ಅಂಗಿಯಲ್ಲಿ, ನಡುಗುತ್ತ ಬಂದು ನನ್ನ ಎದುರು ನೆಲದ ಮೇಲೆ ಕುಳಿತ. ಅವನಿಂದ ನಮ್ಮ ಮನೆಯ ವಾಸನೆ ಬರಲಿಲ್ಲ. ಸಾಬೂನು ಮತ್ತು ಚಹಾಪುಡಿಯ ವಾಸನೆ ಬಂತು. ನೋಡಿದ. ನಾನು ಉಸಿರು ಬಿಡುವುದನ್ನು, ಎಳೆದುಕೊಳ್ಳುವುದನ್ನು ನೋಡಿದ.

ನಾನಿ ಸೆರಗು ಬಾಯಿಗಿಟ್ಟುಕೊಂಡಿದ್ದಳು. ‘ಮಾಫ್ ಕರೋ ಬೇಟಾ,’ ಅಂದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ ಅಥವಾ ಕೇಳಿಸಿಕೊಂಡೂ ಕೇಳದಂತೆ ಇದ್ದ. ನನಗೆ ಗೊತ್ತಿಲ್ಲ.

ಆ ದಿಂಬು ಚಹಾದಂಗಡಿಯವನಿಗೆ ಹೋಯಿತು, ಅಂಗಿಗೆ ಬದಲಾಗಿ. ಮಧ್ಯಾಹ್ನ ಅವನು ಬೆಂಚಿನ ಮೇಲೆ ಅದರ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುವುದನ್ನು ನಾನೂ ಮಾಳವ್ವನೂ ಕೂತು ನೋಡಿದೆವು. ‘ನಿಮ್ಮಪ್ಪ ನಿದ್ದಿ ಮಾಡೋ ಮದ್ದು ಚೊಲೋ ಹೊಲೀತಾನ ಬಿಡು,’ ಎಂದಳು ಮಾಳವ್ವ.

ಉಬ್ಬಸ ಹೋಗಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಜೋಳದ ರಾಶಿಯ ಕಾಲಕ್ಕೆ ಬಂತು, ಮಳೆಯ ಮೊದಲ ಗಾಳಿಗೆ ಬಂತು, ಕಾರಣವೇ ಇಲ್ಲದೆಯೂ ಬಂತು. ಆದರೆ ಬಂದಾಗ ಅದಕ್ಕೆ ಮುಂಚಿನಷ್ಟು ಬಲವಿರಲಿಲ್ಲ. ಗುಳಿಗೆ ನುಂಗಿ, ಮುಂದೆ ಬಾಗಿ ಕೂತು, ಬಿಸಿ ಚಹಾ ಊದಿದಂತೆ ಊದುತ್ತ ಕಾಯುವುದನ್ನು ಕಲಿತೆ. ಬೆಳಗಿನ ಜಾವ ಹೀಗೆ ಕೂತಿರುವವರು ಇದನ್ನು ಓದುತ್ತಿದ್ದರೆ, ನಾನೂ ಕೂತಿದ್ದೇನೆ ಎಂದಷ್ಟೇ ಹೇಳಬಲ್ಲೆ.

ನಾನು ದೇವದುರ್ಗದ ಮನೆಯಲ್ಲಿ ಮತ್ತೆ ಮಲಗಲಿಲ್ಲ. ಹಬ್ಬಕ್ಕೆ ಹೋದರೆ ಅಂಗಳದ ಗಿಡದ ಕೆಳಗೆ ಕೂತು ಬರುತ್ತಿದ್ದೆ. ಮಾನ್ವಿಯ ಮನೆಯ ಬಚ್ಚಲಿನ ಪಕ್ಕ ನಾನಿ ಒಂದು ಗೂಟ ಹೊಡೆಸಿದಳು. ಅದಕ್ಕೆ ಅಪ್ಪನ ಒಂದು ಬಿಳಿ ಅಂಗಿ, ಒಂದು ಲುಂಗಿ. ಅವು ದೇವದುರ್ಗಕ್ಕೆ ಹೋಗುತ್ತಿರಲಿಲ್ಲ. ಅಪ್ಪ ಬಂದವನು ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬಂದು, ಕೊಡ ನೀರು ಸುರಿದುಕೊಂಡು, ಗೂಟದ ಅಂಗಿ ತೊಟ್ಟು, ಕೂದಲಿನಿಂದ ನೀರು ಇಳಿಯುತ್ತಿರುವಾಗಲೇ ‘ಮಾಬುನ್ನಿ’ ಎಂದು ಕರೆಯುತ್ತಿದ್ದ. ಬೇಸಿಗೆಯಲ್ಲೂ ಹೀಗೇ, ಸುರಿವ ಮಳೆಯಲ್ಲೂ ಹೀಗೇ. ‘ಮಳ್ಯಾಗ ತೊಯ್ಸಿಕೊಂಡು ಬಂದೀಯಲ್ಲೋ, ಮತ್ತ ಯಾಕ ನೀರು?’ ಎಂದು ನಾನಿ ಬೈದರೆ, ‘ಮಳಿ ನೀರು ಲೆಕ್ಕಕ್ಕಿಲ್ಲ, ಅತ್ತಿ’ ಅನ್ನುತ್ತಿದ್ದ.

ನೆಂಟರು ನಕ್ಕರು. ಪಿಂಜಾರನ ಮಗಳು ಕೌದಿಯ ಮೇಲೆ ಮಲಗುತ್ತಾಳಂತೆ, ಮೀನುಗಾರನ ಮಗಳು ನೀರಿಗೆ ಹೆದರಿದಂತೆ, ಎಂದರು. ಅಪ್ಪ ಆ ವರ್ಷ ನಾನಿಯಿಂದ ಕೌದಿ ಹೊಲಿಯಲು ಕಲಿತ. ದಬ್ಬಣ ಹಿಡಿದ ಕೈಗೆ ಸಣ್ಣ ಸೂಜಿ ಒಗ್ಗಲು ಸಮಯ ಬೇಕಾಯಿತು. ಅವ್ವನ ಹಳೆಯ ಸೀರೆಗಳನ್ನು ಕುದಿಸಿ, ಒಣಗಿಸಿ, ಮಾನ್ವಿಗೇ ತಂದು, ಅಲ್ಲೇ ಗೂಟದ ಅಂಗಿ ತೊಟ್ಟು ಹೊಲಿದ. ಮೊದಲ ಕೌದಿಯ ಹೊಲಿಗೆ ವಕ್ರವಾಗಿದೆ, ಒಂದು ಮೂಲೆಯಿಂದ ಹೊರಟ ಸಾಲು ಇನ್ನೊಂದು ಮೂಲೆಯನ್ನು ಮುಟ್ಟದೆ ನಡುವೆ ತಿರುಗಿದೆ. ಅದನ್ನು ಹೊದ್ದು ಮಲಗಿ ಆ ಸಾಲುಗಳ ಮೇಲೆ ಬೆರಳಾಡಿಸುತ್ತ ನಿದ್ದೆ ಹೋಗುತ್ತಿದ್ದೆ. ಕನಸಿನಲ್ಲಿ ಅವು ಮಾನ್ವಿಯಿಂದ ದೇವದುರ್ಗಕ್ಕೆ ಹೋಗುವ ಹಾದಿಗಳಾಗುತ್ತಿದ್ದವು.

ಕಾಲೇಜಿಗೆ ರಾಯಚೂರಿಗೆ ಬಂದೆ. ಓದು ಮುಗಿದ ಮೇಲೆ ಇಲ್ಲಿಯ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿತು. ಇದು ಅರಳೆಯ ಊರು. ಹಂಗಾಮಿನಲ್ಲಿ ಗಾಡಿ, ಲಾರಿಗಳಿಂದ ಉದುರಿದ ಅರಳೆ ರಸ್ತೆಯ ಬೇಲಿಗಳಿಗೆಲ್ಲ ಅಂಟಿರುತ್ತದೆ, ಹತ್ತಿ ಬಿಡಿಸುವ ಜಿನ್ನು ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಸೆರಗು ಮೂಗಿಗೆ ಹೋಗುತ್ತದೆ. ಅದಕ್ಕೇ ಮಾವಿನ ಕೆರೆಯ ಕಡೆ ಖೋಲಿ ಹಿಡಿದಿದ್ದೇನೆ. ಬಾಯಿಗಿಟ್ಟು ಒತ್ತುವ ಪಂಪು ಈಗ ಬಂದಿದೆ, ಚೀಲದಲ್ಲಿರುತ್ತದೆ. ಮೊದಲ ಸಲ ಅದನ್ನು ಒತ್ತಿಕೊಂಡಾಗ, ಅವತ್ತು ಎದೆಯ ಗಂಟು ಬಿಚ್ಚಿದ ಕೈಯನ್ನು ಇಷ್ಟು ಚಿಕ್ಕದು ಮಾಡಿ ಚೀಲದಲ್ಲಿ ಇಡಲು ಬರುತ್ತದೆಯೇ ಎಂದು ಬೆರಗಾಯಿತು. ಡಾಕ್ಟರಮ್ಮ ಊರು ಬಿಟ್ಟು ಹೋಗಿದ್ದಾರೆ. ಮಾಳವ್ವನ ಸುದ್ದಿ ತಿಳಿದಿಲ್ಲ. ಮಸರಕಲ್ಲಿನಿಂದ ಬಂದವರನ್ನು ಕೇಳುತ್ತಿರುತ್ತೇನೆ.

ದೇವದುರ್ಗಕ್ಕೆ ಅರಳೆ ಹಿಂಜುವ ಯಂತ್ರ ಬಂತು. ಕೈಬಿಲ್ಲಿಗೆ ಕೆಲಸ ಕಡಿಮೆಯಾಗುತ್ತ ಬಂದು ನಿಂತುಹೋಯಿತು. 1986ರಲ್ಲಿ ಅಪ್ಪ ಬಿಲ್ಲನ್ನು ಜಂತಿಯಿಂದ ಇಳಿಸಿದ. ಹೆದೆ ಬಿಚ್ಚಿ, ಮರವನ್ನು ಒರೆಸಿ, ಗೋಡೆಯ ಮೂಲೆಗೆ ನಿಲ್ಲಿಸಿದ್ದಾನೆ. ಈಗ ಬಸ್ ನಿಲ್ದಾಣದ ಬಳಿ ಹಣ್ಣು ಮಾರುತ್ತಾನೆ. ಹೊರಗಿನ ಖೋಲಿಗೆ ಸುಣ್ಣ ಹೊಡೆಸಿದ್ದಾರೆ.

ಕಳೆದ ತಿಂಗಳು, 1988ರ ನವೆಂಬರಿನಲ್ಲಿ, ಅಪ್ಪ ಮೊದಲ ಸಲ ನನ್ನ ಈ ಖೋಲಿಗೆ ಬಂದ. ಒಂದು ಕೈಯಲ್ಲಿ ಪೇರಲಹಣ್ಣಿನ ಚೀಲ, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಬಿಳಿ ಅಂಗಿ. ಅರಳೆ ಮುಟ್ಟದೆ ಎರಡು ವರ್ಷವಾಗಿದ್ದರೂ ಹೊಸ್ತಿಲ ಹೊರಗೇ ನಿಂತು ಬಚ್ಚಲು ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ಸ್ನಾನ ಮಾಡಿ, ಅಂಗಿ ತೊಟ್ಟುಕೊಂಡು ಒಳಗೆ ಬಂದ.